ಮುಡಿ ಅಕ್ಕಿಯಿಂದ ಚೀಲದ ಗೊಬ್ಬರದವರೆಗೆ: ನಮ್ಮ ಗದ್ದೆಗಳ ಚರಿತ್ರೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯಲ್ಲಿ ಬೇಸಾಯದ ಮಾತು ಬಂದರೆ ಹಿರಿಯರು ಮೊದಲು ಕೇಳುವುದು ಗದ್ದೆ ಬೈಲೋ, ಮಜಲೋ, ಬೆಟ್ಟೋ ಎಂದು. ಬೈಲಿಗೆ ಏಣಿಲು, ಸುಗ್ಗಿ, ನೀರಿದ್ದರೆ ಕೊಳಕೆ. ಬೆಟ್ಟಿಗೆ ಮಳೆಗಾಲದ ಏಣಿಲು ಒಂದೇ. ಗೊಬ್ಬರವೆಂದರೆ ಹಟ್ಟಿಗೊಬ್ಬರ, ಸುಡುಮಣ್ಣು ಮತ್ತು ಕುಮ್ಕಿಯಿಂದ ತಂದ ಸೊಪ್ಪು. ತಲೆಹೊರೆಯಲ್ಲಿ ಸೊಪ್ಪು ತಂದ ಹೆಂಗಸರ ದುಡಿಮೆಯನ್ನು ಯಾರೂ ಲೆಕ್ಕ ಬರೆದಿಡಲಿಲ್ಲ. ಇಷ್ಟಾಗಿ ಬೆಳೆದದ್ದರಲ್ಲಿ ಗೇಣಿಯ ಮುಡಿ ಅಳೆದು ಕೊಟ್ಟು ಉಳಿದದ್ದು ಒಕ್ಕಲಿಗೆ.

ಆಗಿನ ಕಯಮೆ, ಅತಿಕರಾಯ ಮುಂತಾದ ತಳಿಗಳು ಎತ್ತರದವು. ಗೊಬ್ಬರ ಜಾಸ್ತಿಯಾದರೆ ಪೈರು ಸೊಕ್ಕಿ, ತೆನೆ ಬಲಿಯುವ ಹೊತ್ತಿಗೆ ಅಡ್ಡ ಬೀಳುತ್ತಿತ್ತು. ಹಾಗಾಗಿ ಹಿರಿಯರು ಗೊಬ್ಬರಕ್ಕೆ ಕೈ ಹಿಡಿದದ್ದು ಬಡತನದಿಂದ ಮಾತ್ರ ಎನ್ನುವಂತಿಲ್ಲ. 1966ರಲ್ಲಿ ಐಆರ್ 8, 1968ರಲ್ಲಿ ಜಯ ಬಂದವು. ಇವು ಗಿಡ್ಡ ತಳಿ, ಗೊಬ್ಬರ ತಿಂದು ನೆಟ್ಟಗೆ ನಿಲ್ಲುವಂಥವು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಗದ್ದೆಯ ಒಡೆಯರಾದರು. 1976ರಲ್ಲಿ ಪಣಂಬೂರಿನ ಗೊಬ್ಬರ ಕಾರ್ಖಾನೆಯೂ ಶುರುವಾಯಿತು. ಬೆಳೆದದ್ದು ತನಗೇ ಎಂದಾದ ಮೇಲೆ ಸಾಲ ಮಾಡಿಯಾದರೂ ಯೂರಿಯಾ ಹಾಕುವ ಧೈರ್ಯ ಬಂತು. ಸಹಕಾರಿ ಸಂಘಗಳಿಗೂ ಗೊಬ್ಬರದ ಗೋದಾಮು ಬೇಕಾಯಿತು.

ಆದರೆ ಸಾಲದ ಗೊಬ್ಬರ ಗದ್ದೆಯಲ್ಲಿ ನಿಲ್ಲಬೇಕಲ್ಲ! ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ನಮ್ಮ ಆಟಿಯ ಮಳೆಗೆ, ಅದರಲ್ಲೂ ಬೆಟ್ಟುಗದ್ದೆಯ ಜಾಳು ಮಣ್ಣಿನಲ್ಲಿ, ಒಂದೇ ಸಲ ಎರಚಿದ್ದು ತೋಡಿಗೆ ಹೋಗುತ್ತದೆ. ನಾಟಿಗೆ ಸ್ವಲ್ಪ, ತೆಂಡೆ ಒಡೆಯುವಾಗ ಸ್ವಲ್ಪ, ಹೊಡೆ ಕಟ್ಟುವ ಮೊದಲು ಸ್ವಲ್ಪ ಎಂದು ಕೊಡುವ ಕ್ರಮ ಬಂದದ್ದು ಇದಕ್ಕೇ. ಹುಳಿ ಮಣ್ಣಿಗೆ ಸುಣ್ಣವೂ ಬೇಕು, ಪೊಟ್ಯಾಶೂ ಬೇಕು.

ಇನ್ನು ನಾಟಿ. 20 ಸೆಂಟಿಮೀಟರ್ ಸಾಲಿನಲ್ಲಿ 10 ಸೆಂಟಿಮೀಟರಿಗೊಂದು ಬುಡ ನೆಟ್ಟರೆ ಚದರ ಮೀಟರಿಗೆ 50, ಎಕರೆಗೆ ಹತ್ತಿರ ಹತ್ತಿರ 2 ಲಕ್ಷ ಬುಡ. ಕೈಯಂದಾಜಿನಲ್ಲಿ ಎರಡೂ ಕಡೆ 20 ಆದರೆ ಅದರ ಅರ್ಧ. ಫಲವತ್ತಾದ ಬೈಲಿನಲ್ಲಿ, ಎಳೆ ನೇಜಿಯಾದರೆ, ಬುಡಗಳು ತೆಂಡೆ ಒಡೆದು ಜಾಗ ತುಂಬುತ್ತವೆ. ಸಪ್ಪೆ ಮಣ್ಣಿನಲ್ಲಿ, ಬಲಿತ ನೇಜಿ ನೆಟ್ಟಲ್ಲಿ, ಆ ಖಾಲಿ ಜಾಗವನ್ನು ಆಮೇಲೆ ಎಷ್ಟು ಯೂರಿಯಾ ಹಾಕಿಯೂ ತುಂಬಿಸಲಾಗದು. ಒತ್ತಾಗಿ ನೆಟ್ಟು ಮೇಲಿಂದ ಯೂರಿಯಾ ಸುರಿದರೋ, ಗಾಳಿ ಬೆಳಕಿಲ್ಲದೆ ಬೆಂಕಿರೋಗ, ಕಂದು ಜಿಗಿಹುಳದ ಕಾಟ. ಹುಲ್ಲು ಸಿಕ್ಕೀತು, ಭತ್ತ ಕಡಿಮೆ.

ಮಡಗಾಸ್ಕರಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಶ್ರೀ' ಪದ್ಧತಿ ಇದನ್ನೆಲ್ಲ ತಿರುವಿ ಹಾಕಿತು: 25 ಸೆಂಟಿಮೀಟರಿಗೆ ಒಂದೇ ಎಳೆ ನೇಜಿ, ಚದರ ಮೀಟರಿಗೆ ಬರೀ 16 ಬುಡ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮ ರೈತರಿಗೂ ಇದನ್ನು ಪರಿಚಯಿಸಿದರು. ನೀರು ಬಸಿದು ಹೋಗುವ ಮಜಲಿಗೆ ಇದು ಆದೀತು. ಮಳೆಗಾಲದಲ್ಲಿ ಮೊಣಕಾಲೆತ್ತರ ನೀರು ನಿಲ್ಲುವ ಬೈಲಿನಲ್ಲಿ ಹತ್ತು ದಿನದ ನೇಜಿಯನ್ನು ಮತ್ತೆ ಹುಡುಕಬೇಕಾದೀತು. ಈಗ ನೆಡಲು ಜನ ಸಿಗದೆ ಯಂತ್ರ ಬಂದಿದೆ. ಕೈಯಲ್ಲಿ ಹಿಡಿದು ನಡೆಸುವ ಯಂತ್ರಗಳಲ್ಲಿ ಸಾಲಿನ ಅಂತರ 30 ಸೆಂಟಿಮೀಟರ್ ಎಂದು ಕಟ್ಟಿಟ್ಟದ್ದು. ಬುಡದಿಂದ ಬುಡಕ್ಕೆ ಎಷ್ಟು ಎಂದು ತಿರುಗಿಸಿ ಇಡುವ ಕೀಲಿ ಮಾತ್ರ ನಮ್ಮ ಕೈಯಲ್ಲಿ. ಬೆಟ್ಟಿಗೆ ಹತ್ತಿರ, ಬೈಲಿಗೆ ತುಸು ದೂರ ಇಡಲು ಯಂತ್ರದವರಿಗೆ ಗದ್ದೆಗೆ ಇಳಿಯುವ ಮೊದಲೇ ಹೇಳಬೇಕು.