ದಾಳದ ತೀರ್ಪು, ಆಟಗಾರನ ನಿರ್ಧಾರ

ಸಮರದಲ್ಲಿ ವಿವೇಕದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು? ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ, ನಕಾಶೆಯ ಮೇಲಿನ ಸಮರಕ್ರೀಡೆ ಎರಡಕ್ಕೂ ಎಡೆಗೊಟ್ಟಿತು. ಆಟಗಾರರು ಅಪ್ಪಣೆಗಳನ್ನು ಬರೆದುಕೊಡುವರು. ಸಾವುನೋವುಗಳನ್ನು ದಾಳವೂ ಕೋಷ್ಟಕವೂ ನಿರ್ಣಯಿಸುವುವು. ೧೮೭೬ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ, ದಾಳ ಬೇಡ, ಅನುಭವಿಯಾದ ಮಧ್ಯಸ್ಥನ ವಿವೇಚನೆಯೇ ಸಾಕು ಎಂದು ವಾದಿಸಿದನು.

೧೯೭೪ರಲ್ಲಿ ಅಮೆರಿಕದಲ್ಲಿ ಹೊರಬಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ದಾಳವನ್ನೂ ಮಧ್ಯಸ್ಥನನ್ನೂ ಉಳಿಸಿಕೊಂಡಿತು. ಆದರೆ ಇಲ್ಲಿ ಆಟಗಾರನು ನಡೆಸುವುದು ಸೈನ್ಯವನ್ನಲ್ಲ, ಒಂದು ಪಾತ್ರವನ್ನು. ಹೋರಾಡುವುದೋ, ಓಡುವುದೋ, ಸಂಧಾನಕ್ಕೆ ಕೂರುವುದೋ, ಆಯ್ಕೆ ಅವನದು. ಕತ್ತಿ ಬೀಸಿದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಎದುರಾಳಿಯ ಕವಚ ಗಟ್ಟಿಯಾದಷ್ಟೂ ಹೆಚ್ಚಿನ ಅಂಕ ಬೇಕು.

ಸೋತವನು ದಾಳವನ್ನು ಹಳಿಯಬಹುದು. ಆದರೆ ದಾಳ ಉರುಳಿದ್ದು ನಿರ್ಧಾರದ ಬಳಿಕ. ಕತ್ತಿಯನ್ನು ಒರೆಯಿಂದ ಹಿರಿದವನು ತಾನೇ ಎಂಬುದನ್ನು ಅವನು ಮರೆಯಲಾರ.