ಆಡಲಿರುವ ನಾಟಕ: ರಂಗಪ್ರಕಟಣೆಗಳ ಚಾರಿತ್ರಿಕ ಪ್ರಾಮಾಣ್ಯ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವರಿಗೆ ಆಡಿದ ನಾಟಕಕ್ಕಿಂತ ಆಡಲಿರುವ ನಾಟಕವೇ ಸುಲಭವಾಗಿ ಕೈಗೆ ಸಿಕ್ಕುತ್ತದೆ. ಪ್ರಯೋಗ ಮುಗಿದೊಡನೆ ದೀಪ ಆರುತ್ತದೆ, ವೇಷ ಕಳಚುತ್ತದೆ. ಅದಕ್ಕೆ ಮುಂಚೆ ಹಂಚಿದ ಕರಪತ್ರ ಮಾತ್ರ ಯಾರದೋ ಮನೆಯ ಹಳೆಯ ಪುಸ್ತಕದೊಳಗೆ ಉಳಿದುಕೊಂಡಿರುತ್ತದೆ. ಇಂಥ ಕರಪತ್ರವನ್ನು ಮುಂದಿಟ್ಟುಕೊಂಡು, ಇಂಥ ಊರಿನಲ್ಲಿ ಇಂಥ ದಿನ ಇಂಥ ನಾಟಕ ನಡೆಯಿತೆಂದು ಬರೆದುಬಿಡುವ ಪ್ರವೃತ್ತಿ ನಮ್ಮಲ್ಲಿ ಉಂಟು. ಅದು ಸಾಧುವೇ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಕರಪತ್ರವು ವಾಗ್ದಾನವೊಂದರ ದಾಖಲೆ. ಆ ವಾಗ್ದಾನವನ್ನು ಯಾರು ಕೊಟ್ಟರು, ಯಾವ ಬಲದ ಮೇಲೆ ಕೊಟ್ಟರು, ತಪ್ಪಿದರೆ ನಷ್ಟ ಯಾರದು ಎಂಬುದನ್ನು ಅರಿತಲ್ಲದೆ ಅದರ ಪ್ರಾಮಾಣ್ಯವನ್ನು ನಿರ್ಣಯಿಸಲಾಗದೆಂದು ನಾವು ಭಾವಿಸುತ್ತೇವೆ.

ಅಚ್ಚಿನ ಮೊಳೆ ಬರುವುದಕ್ಕೆ ಮುಂಚೆಯೂ ಪ್ರಕಟಣೆ ಇತ್ತು. ಕರಾವಳಿಯ ಯಕ್ಷಗಾನದಲ್ಲಿ ಸಂಜೆ ಚೆಂಡೆ ಬಾರಿಸುವ ‘ಕೇಳಿ’ ಎಂಬ ಪದ್ಧತಿಯು ಆ ರಾತ್ರಿ ಅಲ್ಲಿ ಆಟವುಂಟೆಂಬುದನ್ನು ಸುತ್ತಲ ಹಳ್ಳಿಗಳಿಗೆ ಸಾರುತ್ತಿತ್ತು. ಇಲ್ಲಿ ಪ್ರಕಟಣೆಗೂ ಪ್ರಯೋಗಕ್ಕೂ ನಡುವೆ ಉಳಿಯುವುದು ಕೆಲವೇ ಗಂಟೆಗಳ ಅಂತರ; ವಾಗ್ದಾನ ತಪ್ಪಲು ಅವಕಾಶವೇ ಕಡಮೆ. ಇನ್ನೊಂದು ತುದಿಯಲ್ಲಿ ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಹರಕೆಯಾಟಗಳಿವೆ. ಅಲ್ಲಿ ಹೆಸರು ಬರೆಯಿಸಿದ ಭಕ್ತರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದೆ. ಈ ಸರದಿಯ ಪಟ್ಟಿಯಲ್ಲಿ ಸೇವೆ ಮಾಡಿಸುವವರ ಹೆಸರು ಮುಖ್ಯ; ಯಾವ ಪ್ರಸಂಗವೆಂಬುದು ಆಮೇಲಿನ ಮಾತು. ಆಟ ನಡೆದುದಕ್ಕೆ ಇಂಥ ಪಟ್ಟಿ ಬಲವಾದ ಸಾಕ್ಷಿ, ಆಡಿದುದೇನು ಎಂಬುದಕ್ಕೆ ದುರ್ಬಲ ಸಾಕ್ಷಿ.

ವೃತ್ತಿ ನಾಟಕ ಮಂಡಳಿಗಳ ಸಂಗತಿ ಇದಕ್ಕೆ ತಿರುವುಮುರುವಾದುದು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ನಾಟಕವಾಡಿಸಿದುದು ಕರ್ನಾಟಕದ ಭಾಗವತರ ಮೇಳದ ಪ್ರೇರಣೆಯಿಂದ ಎಂಬುದು ಪ್ರಸಿದ್ಧವಾಗಿದೆ. ಮುಂದೆ ಮರಾಠಿ ಮಂಡಳಿಗಳೇ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಬಿಡಾರ ಹೂಡಿ ಜನಮನವನ್ನು ಸೆಳೆದುವು. ಗದಗಿನ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಕನ್ನಡ ನಾಟಕಗಳನ್ನು ಬರೆದು ಆಡಿಸಲು ತೊಡಗಿದುದು ಈ ಸನ್ನಿವೇಶದಲ್ಲಿಯೇ. ಆ ಕಾಲದ ಅಂಥ ಊರಿನಲ್ಲಿ ಕನ್ನಡ ನಾಟಕವಾಗಲಿದೆಯೆಂದು ಸಾರುವುದೇ ಒಂದು ಪಕ್ಷವನ್ನು ಹಿಡಿದಂತೆ. ನಾಟಕ ನಡೆಯಿತೋ ಇಲ್ಲವೋ, ಪ್ರಕಟಣೆ ತಾನೇ ಒಂದು ಘಟನೆ.

ಗುಬ್ಬಿಯ ಮಂಡಳಿ 1884ರಲ್ಲಿ ಹುಟ್ಟಿತು. ಅದು ಮತ್ತು ಅದರಂಥ ಮಂಡಳಿಗಳು ಒಂದು ಊರಿನಲ್ಲಿ ಮೊಕ್ಕಾಂ ಮಾಡಿದರೆ ಗಲ್ಲಾಪೆಟ್ಟಿಗೆ ತುಂಬುವವರೆಗೆ ಅಲ್ಲಿಯೇ ಇರುತ್ತಿದ್ದುವು. ಕೂಲಿ, ಬಾಡಿಗೆ, ನೂರಾರು ಊಟದೆಲೆ ಇವುಗಳ ಭಾರವೆಲ್ಲ ಮಾಲೀಕನ ತಲೆಯ ಮೇಲೆ. ಒಂದು ನಾಟಕಕ್ಕೆ ಜನ ಬರಲಿಲ್ಲವೆಂದರೆ ಮರುದಿನ ಇನ್ನೊಂದನ್ನು ಹೂಡಬೇಕು. ಬಂದರೆ ಅದನ್ನೇ ಮುಂದುವರಿಸಬೇಕು. ‘ಕಟ್ಟಕಡೆಯ ಪ್ರಯೋಗ’ ಎಂಬ ಒಕ್ಕಣೆ ಒಂದೇ ಮೊಕ್ಕಾಮಿನಲ್ಲಿ ಹಲವು ಸಲ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ. ಅದನ್ನು ನಂಬಿ ಮಂಡಳಿಯ ಸಂಚಾರದ ಕಾಲಕ್ರಮವನ್ನು ಕಟ್ಟಿದವರು ಮೋಸಹೋಗುವುದು ಸಹಜ.

ಹವ್ಯಾಸಿಗಳಲ್ಲಿ ದಿನ ಸ್ಥಿರ, ಪಾತ್ರವರ್ಗ ಅಸ್ಥಿರ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನಂಥ ಸಂಘಗಳಲ್ಲಿ ಬಣ್ಣ ಹಚ್ಚುವವರಿಗೆ ಹೊಟ್ಟೆಪಾಡಿನ ಉದ್ಯೋಗ ಬೇರೆ. ಸಭಾಂಗಣವನ್ನು ಗೊತ್ತುಮಾಡಿದ ಮೇಲೆ ದಿನವನ್ನು ಬದಲಾಯಿಸುವುದು ಕಷ್ಟ. ಆದರೆ ನಾಯಕನ ಪಾತ್ರಧಾರಿಗೆ ವರ್ಗವಾದರೆ ಅಚ್ಚಾದ ಹೆಸರು ಒಬ್ಬರದು, ರಂಗದ ಮೇಲೆ ನಿಂತವರು ಇನ್ನೊಬ್ಬರು. ಕೈಲಾಸಂ ಅವರಂತೆ ನಾಟಕವನ್ನು ಬಾಯಲ್ಲಿ ಹೇಳಿ ಇತರರಿಂದ ಬರೆಯಿಸುತ್ತಿದ್ದವರ ವಿಷಯದಲ್ಲಿ, ಮುದ್ರಿತ ಪಠ್ಯಕ್ಕೂ ಆಡಿದ ಮಾತಿಗೂ ಇದ್ದ ಅಂತರವನ್ನು ಕರಪತ್ರ ಎಂದೂ ಹೇಳದು.

ಹಳ್ಳಿಯ ರಂಗಮಂದಿರಕ್ಕೆ ಬಂದರೆ ಸಾಗರ ತಾಲ್ಲೂಕಿನ ಹೆಗ್ಗೋಡು ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ. ಅಡಕೆ ತೋಟಗಳ ನಡುವಿನ ಈ ಊರಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1949ರಲ್ಲಿ ಆರಂಭವಾಯಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆತುದು ಸರ್ವವಿದಿತ. ನಮ್ಮ ಪ್ರಕೃತಕ್ಕೆ ಅದಕ್ಕಿಂತ ಮುಖ್ಯವಾದುದು 1985ರಲ್ಲಿ ತೊಡಗಿದ ‘ತಿರುಗಾಟ’. ಮಳೆಗಾಲದಲ್ಲಿ ನಾಟಕಗಳನ್ನು ಸಿದ್ಧಪಡಿಸಿ, ಅನಂತರ ತಿಂಗಳುಗಟ್ಟಲೆ ಊರೂರು ಸುತ್ತುವ ಏರ್ಪಾಡು ಇದು. ಹೆಸರೂ ಸಂಚಾರಕ್ರಮವೂ ಯಕ್ಷಗಾನ ಮೇಳವನ್ನು ನೆನಪಿಗೆ ತರುತ್ತವೆ. ಆದರೆ ವಾಗ್ದಾನದ ಸ್ವರೂಪ ಬೇರೆಯದು: ನಾಟಕಗಳ ಹೆಸರನ್ನು ಸಂಸ್ಥೆ ಮೊದಲೇ ತಿಳಿಸುತ್ತದೆ, ಯಾವ ದಿನ, ಯಾವ ಅಂಗಳ ಎಂಬುದನ್ನು ಆಯಾ ಊರಿನ ಸಂಘವೋ ಕಾಲೇಜೋ ಒಪ್ಪಿಕೊಳ್ಳುತ್ತದೆ. ಹೊಣೆ ಎರಡು ಕಡೆ ಹಂಚಿಹೋಗಿರುವುದರಿಂದ ಸಾಕ್ಷ್ಯವೂ ಎರಡು ಕಡೆ ಉಳಿಯುವ ಸಂಭವವಿದೆ. ಊರಿನ ಸಂಘದ ಜಮಾಖರ್ಚಿನ ಪುಸ್ತಕದಲ್ಲಿ ಊಟದ ವೆಚ್ಚ ಬರೆದಿದ್ದರೆ ಆ ದಿನ ತಂಡ ಬಂದಿತ್ತೆಂಬುದು ಕರಪತ್ರಕ್ಕಿಂತ ದೃಢವಾಗಿ ಸಿದ್ಧವಾಗುತ್ತದೆ. ಇಂಥ ಲೆಕ್ಕದ ಪುಸ್ತಕಗಳು ರದ್ದಿಗೆ ಹೋಗುವುದನ್ನು ತಡೆಯುವವರು ವಿರಳ. ಸುಂದರವಾದ ಭಿತ್ತಿಪತ್ರವನ್ನು ಎಲ್ಲರೂ ಎತ್ತಿಡುತ್ತಾರೆ, ಅಕ್ಕಿಬೇಳೆಯ ಚೀಟಿಯನ್ನು ಯಾರೂ ಇಡುವುದಿಲ್ಲ!

ಇನ್ನು ಕಾಲನಿರ್ಣಯದ ಮಾತು. ಕರಪತ್ರಗಳಲ್ಲಿ ವಾರ, ತಾರೀಖು ಇದ್ದು ಇಸವಿ ಇಲ್ಲದಿರುವುದುಂಟು. ನಾಳಿದ್ದಿನ ನಾಟಕಕ್ಕೆ ಬರುವವನಿಗೆ ಇಸವಿ ಏತಕ್ಕೆ? ಒಂದು ತಾರೀಖು ಅದೇ ವಾರದಂದು ಸಾಮಾನ್ಯವಾಗಿ 5, 6 ಅಥವಾ 11 ವರ್ಷಗಳ ಅಂತರದಲ್ಲಿ ಮರಳಿ ಬರುತ್ತದೆ. ಆದುದರಿಂದ ವಾರ, ತಾರೀಖುಗಳೆರಡರಿಂದಲೇ ಹಲವು ವರ್ಷಗಳು ಹೊಂದಿಕೆಯಾದಾವು. ಆದರೆ ಹುಣ್ಣಿಮೆ, ಏಕಾದಶಿ, ರಥೋತ್ಸವ ಎಂದೇನಾದರೂ ಜೊತೆಗಿದ್ದರೆ ಪಂಚಾಂಗ ನೆರವಿಗೆ ಬರುತ್ತದೆ. ತಿಥಿಯೂ ತಾರೀಖೂ ಮತ್ತೆ ಕೂಡುವುದು ಸುಮಾರು 19 ವರ್ಷಗಳಿಗೊಮ್ಮೆ. ಇದಲ್ಲದೆ, 1867ರ ಮುದ್ರಣ ಕಾಯಿದೆಯು ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಅಚ್ಚಾದ ಪತ್ರದ ಮೇಲೆ ಮುದ್ರಕನ ಹೆಸರೂ ಸ್ಥಳವೂ ಇರಬೇಕೆಂದು ವಿಧಿಸಿತ್ತು. ಧಾರವಾಡ, ಬೆಳಗಾವಿ ಕಡೆಯ ಕರಪತ್ರಗಳ ಅಡಿಯ ಆ ಸಣ್ಣ ಸಾಲನ್ನು ಅಂಚು ಕತ್ತರಿಸಿ ಕಟ್ಟುಹಾಕಿಸುವವರು ಎಷ್ಟೋ ವೇಳೆ ಕಳೆದುಬಿಡುತ್ತಾರೆ. ಮುದ್ರಣಾಲಯ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇದ್ದಿತೆಂದು ತಿಳಿದರೆ, ಪಂಚಾಂಗ ತೋರಿಸಿದ ವರ್ಷಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಸಾಧ್ಯ.

2004ರಲ್ಲಿ ಬೆಂಗಳೂರಿನಲ್ಲಿ ತೆರೆದ ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಪ್ರಕಟಿಸಿದ ಗಳಿಗೆಯೇ ಅಲ್ಲಿ ನಿಯಮ. ಅಲ್ಲಿಯ ಪ್ರಕಟಣೆ ಸಮಯದ ಮಟ್ಟಿಗೆ ನಂಬಿಕೆಗೆ ಅರ್ಹ. ಆದರೆ ಈಚಿನ ದಿನಗಳಲ್ಲಿ ಇಂಥ ಪ್ರಕಟಣೆಗಳು ಬಹುಮಟ್ಟಿಗೆ ದೂರವಾಣಿಯ ಪರದೆಯ ಮೇಲೆಯೇ ಹರಿದಾಡುತ್ತವೆ. ಅವುಗಳ ಅಡಿಯಲ್ಲಿ ಮುದ್ರಕನ ಸಾಲು ಇಲ್ಲ; ಇಸವಿಯೂ ಅನೇಕ ವೇಳೆ ಇರುವುದಿಲ್ಲ.