ಶುಂಠಿ ಮುರಬ್ಬ ಹಾಗೂ ಅದರ ಪಾಕದಿಂದ ಮನೆಯಲ್ಲಿ ಮಿಶ್ರ ಪಾನೀಯಗಳ ತಯಾರಿಕೆ

ನಮ್ಮ ಭಾಗದ ಅಡುಗೆಮನೆಗಳಲ್ಲಿ ಅಲ್ಲ ಎಂದು ಕರೆಯುವ ಹಸಿಶುಂಠಿಯು ಎಳೆಯದಾಗಿ, ನಾರಿಲ್ಲದೆ ದೊರೆಯುವುದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಆದರೆ ತಂಪು ಪಾನೀಯ ಬೇಕಾಗುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ಇವೆರಡರ ನಡುವಿನ ನಾಲ್ಕೈದು ತಿಂಗಳ ಅಂತರವನ್ನು ದಾಟಿಸುವ ಸುಲಭ ವಿಧಾನವೆಂದರೆ ಶುಂಠಿಯನ್ನು ಸಕ್ಕರೆ ಪಾಕದಲ್ಲಿ ಕಾಪಿಡುವುದು, ಅಂದರೆ ಮುರಬ್ಬ ಮಾಡುವುದು. ಹೀಗೆ ಮಾಡಿದಾಗ ಎರಡು ಪದಾರ್ಥಗಳು ಕೈಗೆ ಬರುತ್ತವೆ: ತಿನ್ನಲು ಶುಂಠಿ ತುಂಡುಗಳು ಮತ್ತು ಖಾರ, ಸುವಾಸನೆಗಳೆರಡೂ ಇಳಿದ ಗಟ್ಟಿ ಪಾಕ. ಅನೇಕರು ಈ ಪಾಕವನ್ನು ಜಾಡಿಯ ತಳದಲ್ಲಿ ಉಳಿಸಿ ಕೊನೆಗೆ ಚೆಲ್ಲುತ್ತಾರೆ. ಪಾನೀಯದ ದೃಷ್ಟಿಯಿಂದ ತುಂಡುಗಳಿಗಿಂತ ಆ ಪಾಕವೇ ಹೆಚ್ಚು ಬೆಲೆಯುಳ್ಳದ್ದು.

ಕಾಕ್‌ಟೇಲ್ ಎಂದೊಡನೆ ಮದ್ಯ ನೆನಪಾಗುವುದು ಸಹಜ. ಆದರೆ ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟದ 2011ರ ನಿಯಮಗಳಲ್ಲಿ ‘ಜಿಂಜರ್ ಕಾಕ್‌ಟೇಲ್’ ಎಂಬ ಹೆಸರಿನ ಪ್ರತ್ಯೇಕ ಉತ್ಪನ್ನವೇ ಇದೆ. ಶುಂಠಿರಸ, ಶುಂಠಿಯ ಓಲಿಯೋರೆಸಿನ್ ಅಥವಾ ಎಸೆನ್ಸನ್ನು ನೀರು ಮತ್ತು ಸಕ್ಕರೆಯೊಂದಿಗೆ ಬೆರೆಸಿ ತಯಾರಿಸಿದ, ಕರಗಿದ ಘನಾಂಶ ಶೇ. 30ಕ್ಕಿಂತ ಕಡಿಮೆಯಿಲ್ಲದ ಪಾನೀಯವನ್ನು ಅದು ಹಾಗೆ ಕರೆಯುತ್ತದೆ. ಅದರಲ್ಲಿ ಮದ್ಯದ ಪ್ರಸ್ತಾಪವಿಲ್ಲ. ಈ ಲೇಖನದಲ್ಲಿ ಆ ಪದವನ್ನು ಇದೇ ಅರ್ಥದಲ್ಲಿ, ಎಂದರೆ ಬೆರೆಸಿ ಕುಡಿಯುವ ಪಾನಕವೆಂಬ ಅರ್ಥದಲ್ಲಿ ಬಳಸಲಾಗಿದೆ. ರಾಮನವಮಿಯ ಬೆಲ್ಲ, ಶುಂಠಿ, ಏಲಕ್ಕಿಗಳ ಪಾನಕವೂ ಈ ವರ್ಗಕ್ಕೇ ಸೇರಿದ್ದು.

ಶುಂಠಿಯ ಆಯ್ಕೆ

ಧಾರವಾಡ ಜಿಲ್ಲೆಯಲ್ಲಿ ಮಲೆನಾಡಿನ ಅಂಚಿಗಿರುವ ಕಲಘಟಗಿ ತಾಲ್ಲೂಕಿನ ನೀರು ಬಸಿದುಹೋಗುವ ಕೆಂಪು ಮಣ್ಣು ಶುಂಠಿಗೆ ಒಗ್ಗುತ್ತದೆ. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗದ ಆಳವಾದ ಎರೆಭೂಮಿಯಲ್ಲಿ ಮಳೆಗಾಲದ ನೀರು ನಿಂತು ಗಡ್ಡೆ ಕೊಳೆರೋಗ ಬೇಗ ಹರಡುವುದರಿಂದ, ಆ ತಾಲ್ಲೂಕುಗಳ ರೈತರು ಮುರಬ್ಬಕ್ಕೆಂದು ಶುಂಠಿ ಬೆಳೆಯಲು ಹೊರಡುವುದಕ್ಕಿಂತ ಹಂಗಾಮಿನಲ್ಲಿ ಕೊಂಡುಕೊಳ್ಳುವುದೇ ಲೇಸು.

ನಾಟಿ ಮಾಡಿ ಆರು ತಿಂಗಳಾದ ಗಡ್ಡೆ ಮುರಬ್ಬಕ್ಕೆ ಅತ್ಯುತ್ತಮ. ಏಳನೆಯ ತಿಂಗಳು ದಾಟಿದಂತೆ ನಾರು ಹೆಚ್ಚುತ್ತದೆ. ಎಂಟು ಒಂಬತ್ತು ತಿಂಗಳ ಬಲಿತ ಗಡ್ಡೆ ಒಣಶುಂಠಿಗೆ ಮತ್ತು ರಸ ತೆಗೆಯಲು ಸೂಕ್ತ. ತಳಿಗಳ ಪೈಕಿ ಕರ್ನಾಟಕದಲ್ಲಿ ವ್ಯಾಪಕವಾಗಿರುವ ರಿಯೋ ಡಿ ಜನೈರೊ ದಪ್ಪನಾದ, ರಸಭರಿತ ಗಡ್ಡೆ ಕೊಡುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವರದಾ ತಳಿಯಲ್ಲಿ ನಾರು ಕಡಿಮೆ. ಶುಂಠಿ ವ್ಯಾಪಾರ 60 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಚೀಲ ತುಂಬುವಾಗ ಬೇರ್ಪಡಿಸಿ ಬಿಡುವ ಸಣ್ಣ ಬೆರಳುಗಳು, ಅಗೆಯುವಾಗ ಮುರಿದ ತುಂಡುಗಳು ಎಳೆಯದಾಗಿದ್ದು ಕೊಳೆತಿಲ್ಲದಿದ್ದರೆ ಮುರಬ್ಬಕ್ಕೆ ಯಾವ ಕೊರತೆಯೂ ಇಲ್ಲದವು. ದರ ಕುಸಿದ ವರ್ಷ ಇಂಥ ಮಾಲನ್ನು ಹೊಲದಲ್ಲೇ ಬಿಡುವ ಬದಲು ಮನೆಗೆ ತರುವುದು ಜಾಣತನ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಬಿತ್ತನೆಗೆಂದು ತಂದು ಉಳಿದ ಗಡ್ಡೆಗಳನ್ನು ಯಾವ ಕಾರಣಕ್ಕೂ ಅಡುಗೆಮನೆಗೆ ತರಬಾರದು. ಬಿತ್ತನೆ ಗಡ್ಡೆಯನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿಡುವುದು ರೂಢಿ. ಕೆಲವೊಮ್ಮೆ ಕೀಟನಾಶಕವೂ ಜೊತೆಗಿರುತ್ತದೆ. ತೊಳೆದರೂ, ಸಿಪ್ಪೆ ತೆಗೆದರೂ, ಕುದಿಸಿದರೂ ಅದು ತಿನ್ನಲು ಯೋಗ್ಯವಾಗುವುದಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಳಸುವ ಅಭ್ಯಾಸವನ್ನೂ ಬಿಡಬೇಕು.

ಮುರಬ್ಬ ಮಾಡುವ ಕ್ರಮ

ಗಡ್ಡೆಗಳನ್ನು ಒಂದು ಗಂಟೆ ನೀರಿನಲ್ಲಿ ನೆನೆಯಿಟ್ಟು ಮಣ್ಣು ಹೋಗುವಂತೆ ತಿಕ್ಕಿ ತೊಳೆಯಿರಿ. ಸಿಪ್ಪೆಯನ್ನು ಚಾಕುವಿನಿಂದ ಹೆರೆಯದೆ ಚಮಚದ ಅಂಚಿನಿಂದ ಅಥವಾ ಬಿದಿರಿನ ಸೀಳಿನಿಂದ ಕೆರೆದು ತೆಗೆಯಿರಿ. ಶುಂಠಿಯ ಸುವಾಸನೆಯ ಎಣ್ಣೆ ಹೆಚ್ಚಾಗಿರುವುದು ಸಿಪ್ಪೆಯ ಕೆಳಪದರದಲ್ಲಿ. ಆಳವಾಗಿ ಹೆರೆದರೆ ಅದೇ ಹೋಗುತ್ತದೆ. ಸಿಪ್ಪೆ ತೆಗೆದ ಒಂದು ಕಿಲೋ ಶುಂಠಿಯನ್ನು ಬೆರಳಿನಷ್ಟು ದಪ್ಪದ ತುಂಡುಗಳಾಗಿ ಕತ್ತರಿಸಿ, ಸ್ಟೀಲಿನ ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ.

ಲೀಟರ್ ನೀರಿಗೆ 5 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ತುಂಡುಗಳನ್ನು ಅದರಲ್ಲಿ 45 ನಿಮಿಷದಿಂದ ಒಂದು ಗಂಟೆ ಬೇಯಿಸಿ. ಈ ಹಂತದಲ್ಲಿ ಅವಸರ ಸಲ್ಲದು. ಸೂಜಿ ಸಲೀಸಾಗಿ ಹಾಯುವಷ್ಟು ಮೆತ್ತಗಾಗದ ತುಂಡನ್ನು ಪಾಕಕ್ಕೆ ಹಾಕಿದರೆ, ಸಕ್ಕರೆ ಒಳಗೆ ಹೋಗುವ ಮೊದಲೇ ಅದರ ನೀರು ಹೊರಬಂದು ತುಂಡು ಸುರುಟಿ ರಬ್ಬರಿನಂತಾಗುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಸರಿಹೋಗದು. ಮೊದಲಿನಿಂದಲೇ ಗಟ್ಟಿ ಪಾಕ ಹಾಕಿದರೂ ಇದೇ ಪರಿಣಾಮ. ಆದ್ದರಿಂದ ಸಕ್ಕರೆಯನ್ನು ನಾಲ್ಕು ದಿನಗಳಲ್ಲಿ ಹಂಚಿ ಏರಿಸಬೇಕು.

ಒಟ್ಟು 1.6 ಕಿಲೋ ಸಕ್ಕರೆ ಬೇಕು. ಮೊದಲ ದಿನ 600 ಗ್ರಾಂ ಸಕ್ಕರೆಯನ್ನು 900 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಸೋಸಿ, ಬೆಂದ ತುಂಡುಗಳನ್ನು ಹಾಕಿ ಐದು ನಿಮಿಷ ಕುದಿಸಿ ಮುಚ್ಚಿಡಿ. ಬೇಯಿಸಿದ ನೀರು ವಿಪರೀತ ಖಾರವೆನಿಸದಿದ್ದರೆ ಪಾಕಕ್ಕೆ ಅದನ್ನೇ ಬಳಸಬಹುದು. ಎರಡನೆಯ ಮತ್ತು ಮೂರನೆಯ ದಿನ ತುಂಡುಗಳನ್ನು ಹೊರತೆಗೆದು, ಪಾಕಕ್ಕೆ ತಲಾ 400 ಗ್ರಾಂ ಸಕ್ಕರೆ ಸೇರಿಸಿ, ಹತ್ತು ನಿಮಿಷ ಕುದಿಸಿ, ತುಂಡುಗಳನ್ನು ಮರಳಿ ಹಾಕಿ. ನಾಲ್ಕನೆಯ ದಿನ ಉಳಿದ 200 ಗ್ರಾಂ ಸಕ್ಕರೆ ಮತ್ತು 4 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ತುಂಡುಗಳ ಸಮೇತ ಹದಕ್ಕೆ ಬರುವವರೆಗೆ ಕುದಿಸಿ. ಈ ಆಮ್ಲ ಹಾಕದಿದ್ದರೆ ಚಳಿಗಾಲದಲ್ಲಿ ಪಾಕ ಹರಳುಗಟ್ಟುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲಿನದೇ ಇರಲಿ.

ಹದ ತಿಳಿಯುವುದು ಹೇಗೆ? ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಇದ್ದರೆ 68 ಡಿಗ್ರಿ ಬ್ರಿಕ್ಸ್ ತೋರಿಸಬೇಕು. ಇಲ್ಲದಿದ್ದರೆ ಅಡುಗೆಯ ಥರ್ಮಾಮೀಟರ್ ಸಾಕು. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಧಾರವಾಡ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು ಇಲ್ಲಿ ಬರೀ ನೀರೇ ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ನವಲಗುಂದದ ಕಡೆ ನೆಲ ತಗ್ಗಾದ್ದರಿಂದ ತುಸು ಹೆಚ್ಚು. ಹೀಗಾಗಿ ಮೊದಲು ನಿಮ್ಮ ಮನೆಯಲ್ಲಿ ನೀರು ಕುದಿಯುವ ಉಷ್ಣತೆಯನ್ನು ಅಳೆದುಕೊಂಡು, ಅದಕ್ಕಿಂತ 5 ಡಿಗ್ರಿ ಮೇಲೇರಿದಾಗ ಒಲೆ ಆರಿಸಿ. 105ಕ್ಕಾಗಿ ಕಾದರೆ ಪಾಕ ಅತಿಯಾಗಿ ಗಟ್ಟಿಯಾಗಿ ತುಂಡುಗಳು ಚರ್ಮದಂತಾಗುತ್ತವೆ.

‘ಸಿಹಿ ಜಾಸ್ತಿಯಾಯಿತು, ಸಕ್ಕರೆ ಅರ್ಧ ಮಾಡೋಣ’ ಎಂಬ ಸಲಹೆ ಪ್ರತಿ ತರಬೇತಿಯಲ್ಲಿಯೂ ಕೇಳಿಬರುತ್ತದೆ. ಇಲ್ಲಿ ಸಕ್ಕರೆಯದು ರುಚಿಯ ಕೆಲಸವಷ್ಟೇ ಅಲ್ಲ. ಶೇ. 65ಕ್ಕಿಂತ ಹೆಚ್ಚಿದ್ದಾಗ ಅದು ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನು ಹಿಡಿದಿಡುತ್ತದೆ. ಅದರಿಂದಲೇ ಮುರಬ್ಬ ಕೆಡದೆ ಉಳಿಯುವುದು. ಕಡಿಮೆ ಸಿಹಿ ಬೇಕಿದ್ದರೆ ಲೋಟಕ್ಕೆ ಹಾಕುವ ಪಾಕವನ್ನು ಕಡಿಮೆ ಮಾಡಿ, ಜಾಡಿಯೊಳಗಿನ ಸಕ್ಕರೆಯನ್ನಲ್ಲ. ಸಕ್ಕರೆಯ ಬದಲು ಬೆಲ್ಲ ಬಳಸುವವರು ತಿಂಗಳೊಳಗೆ ಮುಗಿಸುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಬೆಲ್ಲದ ತೇವಾಂಶ ಒಂದೊಂದು ಗಾಣದ್ದೂ ಬೇರೆಯಾದ್ದರಿಂದ ಮೇಲಿನ ತೂಕದ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಬಿಸಿಯಿರುವಾಗಲೇ ತುಂಡುಗಳನ್ನು ಅವು ಮುಳುಗುವಷ್ಟು ಪಾಕದೊಂದಿಗೆ, ನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಜಾಡಿಗೆ ತುಂಬಿ. ಮಿಕ್ಕ ಪಾಕವನ್ನು ಬೇರೆ ಬಾಟಲಿಗೆ ಸೋಸಿಡಿ. ಕೀಟನಾಶಕದ ಖಾಲಿ ಡಬ್ಬಿ, ಬಾಟಲಿಗಳನ್ನು ಎಷ್ಟೇ ತೊಳೆದರೂ ಬಳಸಕೂಡದೆಂದು ಬೇರೆ ಹೇಳಬೇಕಿಲ್ಲ. ಆದರೂ ಹಳ್ಳಿಗಳಲ್ಲಿ ಅವು ಎಣ್ಣೆ, ಉಪ್ಪು ತುಂಬಲು ಬಳಕೆಯಾಗುತ್ತಿರುವುದರಿಂದ ಹೇಳಲೇಬೇಕಾಗಿದೆ.

ರಸದಿಂದ ಶುಂಠಿ-ನಿಂಬೆ ಸ್ಕ್ವಾಷ್

ಬಲಿತ, ನಾರುಳ್ಳ ಶುಂಠಿ ಮಾತ್ರ ಸಿಕ್ಕಿದಾಗ ಮುರಬ್ಬದ ಆಸೆ ಬಿಟ್ಟು ರಸ ತೆಗೆಯಿರಿ. ಜಜ್ಜಿ ಅಥವಾ ಮಿಕ್ಸಿಯಲ್ಲಿ ತಿರುವಿ ಬಟ್ಟೆಯಲ್ಲಿ ಹಿಂಡಿದ ರಸವನ್ನು ತಂಪಾದೆಡೆ ಎರಡು ಗಂಟೆ ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಪಿಷ್ಟ ಸೇರಿದರೆ ಬಿಸಿಗೆ ಅದು ಅಂಬಲಿಯಾಗುತ್ತದೆ. ಒಂದು ಕಿಲೋ ಸಕ್ಕರೆಯನ್ನು 700 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಸೋಸಿ ಆರಿಸಿ, 400 ಮಿಲಿಲೀಟರ್ ನಿಂಬೆರಸ ಮತ್ತು 250 ಮಿಲಿಲೀಟರ್ ಶುಂಠಿರಸ ಬೆರೆಸಿ. ಇದರಲ್ಲಿ ರಸದ ಪ್ರಮಾಣ ಶೇ. 25ನ್ನೂ ಘನಾಂಶ ಶೇ. 40ನ್ನೂ ಮೀರುವುದರಿಂದ ಸ್ಕ್ವಾಷಿಗೆ ನಿಗದಿಯಾದ ಕನಿಷ್ಠ ಮಟ್ಟಕ್ಕೆ ಹೊಂದುತ್ತದೆ.

ಆದರೆ ಶೇ. 40ರ ಸಕ್ಕರೆ ತಾನಾಗಿ ಕಾಪಿಡಲಾರದು. ಫ್ರಿಜ್ಜಿನಲ್ಲಿಟ್ಟು ಎರಡು ವಾರಗಳಲ್ಲಿ ಮುಗಿಸುವುದಾದರೆ ಸಂರಕ್ಷಕ ಬೇಡ. ತಿಂಗಳುಗಟ್ಟಲೆ ಇಡುವುದಾದರೆ ಕಿಲೋ ಸ್ಕ್ವಾಷಿಗೆ 0.6 ಗ್ರಾಂ ಮೀರದಂತೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ಆರಿದ ನೀರಿನಲ್ಲಿ ಕರಗಿಸಿ ಕೊನೆಯಲ್ಲಿ ಸೇರಿಸಿ. ಚಿಟಿಕೆಯ ಅಂದಾಜು ಸಲ್ಲದು. ಅಕ್ಕಸಾಲಿಗರ ತಕ್ಕಡಿಯಂಥ ಸಣ್ಣ ತೂಕದ ಯಂತ್ರ ಬೇಕು. ಉಬ್ಬಸವುಳ್ಳವರಿಗೆ ಈ ಸಂರಕ್ಷಕ ತೊಂದರೆ ಕೊಡಬಹುದಾದ್ದರಿಂದ ಅವರಿಗೆ ಸಂರಕ್ಷಕವಿಲ್ಲದ್ದನ್ನೇ ಕೊಡಿ.

ಲೋಟದಲ್ಲಿ ಬೆರೆಸುವಾಗ

ಮುರಬ್ಬದ ಪಾಕ 30 ಮಿಲಿಲೀಟರ್, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು, 180 ಮಿಲಿಲೀಟರ್ ತಣ್ಣೀರು ಅಥವಾ ಸೋಡಾ: ಇದು ಮೂಲ ಪ್ರಮಾಣ. ಸ್ಕ್ವಾಷಾದರೆ ಒಂದು ಪಾಲಿಗೆ ಮೂರು ಪಾಲು ನೀರು. ನವಲಗುಂದ, ಅಣ್ಣಿಗೇರಿ ಕಡೆಯ ಸವುಳು ಬೋರ್‌ವೆಲ್ ನೀರು ಶುಂಠಿಯ ರುಚಿಯನ್ನು ಕೆಡಿಸುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ.

ಶುಂಠಿಗೆ ಅತ್ಯಂತ ಚೆನ್ನಾಗಿ ಹೊಂದುವುದು ಹುಳಿ. ಏಪ್ರಿಲ್‌ನ ಗಾಳಿಮಳೆಗೆ ಉದುರುವ ಮಾವಿನಕಾಯಿಗಳನ್ನು ಬೇಯಿಸಿ ತಿರುಳನ್ನು ಕಿವುಚಿ, ಲೋಟಕ್ಕೆ ಮೂರು ಚಮಚ ತಿರುಳು, 30 ಮಿಲಿಲೀಟರ್ ಪಾಕ, ಹುರಿದ ಜೀರಿಗೆ ಪುಡಿ ಮತ್ತು ಉಪ್ಪು ಸೇರಿಸಿದರೆ ಸಿಗುವ ಪಾನಕವನ್ನು ನಮ್ಮ ಆಯ್ಕೆಯಲ್ಲಿ ಮೊದಲಿಗಿಡುತ್ತೇವೆ. ಧಾರವಾಡ, ಕಲಘಟಗಿಗಳ ಮಾವಿನ ತೋಟದವರಿಗೆ ಉದುರುಗಾಯಿ ಖರ್ಚಿಲ್ಲದ ಪದಾರ್ಥ. ನೆರೆಯ ಉತ್ತರ ಕನ್ನಡದಿಂದ ಬರುವ ಒಣ ಮುರುಗಲ ಸಿಪ್ಪೆಯನ್ನು ನೆನೆಸಿದ ಕೆಂಪು ನೀರಿಗೂ ಈ ಪಾಕ ಒಪ್ಪುತ್ತದೆ. ಮಸಾಲೆ ಮಜ್ಜಿಗೆಗೆ ಮಾತ್ರ ಸಿಹಿ ಪಾಕ ಹಾಕಬೇಡಿ; ಅಲ್ಲಿ ಜಜ್ಜಿದ ಹಸಿ ಅಲ್ಲವೇ ಸರಿ.

ಹಸಿಶುಂಠಿಯ ರಸ ಬಿದ್ದರೆ ಹಾಲು ಒಡೆಯುವುದು ಪ್ರೋಟೀನನ್ನು ತುಂಡರಿಸುವ ಅದರ ಕಿಣ್ವದಿಂದ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದೇ ಗುಣದಿಂದ ಬಿಸಿಹಾಲನ್ನು ಹೆಪ್ಪುಗಟ್ಟಿಸಿ ಸಿಹಿತಿನಿಸು ಮಾಡುತ್ತಾರೆ. ಕುದಿಸಿದ ಮುರಬ್ಬದ ಪಾಕದಲ್ಲಿ ಕಿಣ್ವ ನಿಷ್ಕ್ರಿಯವಾಗಿರುವುದರಿಂದ ಒಂದು ಚಮಚವನ್ನು ತಣ್ಣನೆಯ ಹಾಲಿಗೆ ಬೆರೆಸಬಹುದು. ನಿಂಬೆಯಿರುವ ಸ್ಕ್ವಾಷನ್ನು ಬೆರೆಸಲಾಗದು.

30 ಮಿಲಿಲೀಟರ್ ಪಾಕದಲ್ಲಿ ಸುಮಾರು 27 ಗ್ರಾಂ, ಎಂದರೆ ಐದಾರು ಚಿಕ್ಕ ಚಮಚ ಸಕ್ಕರೆ ಇರುತ್ತದೆ. ಮಧುಮೇಹಿಗಳು ಇದನ್ನು ಔಷಧವೆಂದು ಭಾವಿಸಿ ಕುಡಿಯಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ದಿನವೂ ಶುಂಠಿ ಪಾನೀಯ ಕುಡಿಯುವ ಮೊದಲು ವೈದ್ಯರನ್ನು ಕೇಳಲಿ.

ಹುಳಿಯುವಿಕೆ ಮತ್ತು ಮದ್ಯ

ನೀರು ಬೆರೆಸಿದ ಪಾನೀಯವನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಹೊರಗಿಡುವುದು ಅಪಾಯಕರ. ಯೀಸ್ಟ್ ಬೆಳೆದು ಅನಿಲ ಕಟ್ಟಿದಾಗ ಗಾಜು ಸಿಡಿಯುತ್ತದೆ. ಜಾತ್ರೆಗಳಲ್ಲಿ ಕಾಣುವ ಗೋಲಿ ಸೋಡಾದ ಬಾಟಲಿ ದಪ್ಪ ಗಾಜಿನದಾಗಿರುವುದು ಒತ್ತಡ ತಡೆಯಲೆಂದೇ. ಸಾಮಾನ್ಯ ಬಾಟಲಿಗೆ ಆ ಶಕ್ತಿಯಿಲ್ಲ. ನೊರೆ, ಹುಳಿವಾಸನೆ, ಉಬ್ಬಿದ ಮುಚ್ಚಳ ಕಂಡರೆ ರುಚಿ ನೋಡದೆ ಚೆಲ್ಲಿ. ಇಂಗ್ಲೆಂಡಿನ ಹಳೆಯ ಜಿಂಜರ್ ಬಿಯರ್ ಹೀಗೆ ಹುಳಿಸಿ ಮಾಡಿದ್ದೇ ಆದರೂ, ಮನೆಯಲ್ಲಿ ಹುಳಿಸಿದಾಗ ಎಷ್ಟು ಮದ್ಯಸಾರ ಉಂಟಾಯಿತೆಂದು ತಿಳಿಯುವ ಸಾಧನವಿಲ್ಲ. ಮಕ್ಕಳಿರುವ ಮನೆಗೆ ಅದು ತಕ್ಕುದಲ್ಲ.

ಶುಂಠಿ ಪಾಕವನ್ನು ಮದ್ಯದೊಂದಿಗೆ ಬೆರೆಸುವವರೂ ಇದ್ದಾರೆ. ನಾವು ಅದನ್ನು ಶಿಫಾರಸು ಮಾಡುವುದಿಲ್ಲ. ಖಾರ ಮತ್ತು ಸಿಹಿ ಮದ್ಯದ ಕಟುವನ್ನು ಮರೆಮಾಡುವುದರಿಂದ ಕುಡಿದ ಪ್ರಮಾಣ ಅರಿವಿಗೆ ಬರುವುದಿಲ್ಲ. ಕಳ್ಳಭಟ್ಟಿಯ ಮಿಥೈಲ್ ಮದ್ಯಸಾರವನ್ನು ಯಾವ ಶುಂಠಿಯೂ ತೆಗೆಯಲಾರದು. ಕಣ್ಣು, ಪ್ರಾಣ ಎರಡೂ ಹೋಗುವ ವಿಷವದು. ಪರವಾನಗಿಯಿಲ್ಲದೆ ಮದ್ಯ ಬೆರೆಸಿದ ಪಾನೀಯ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಪಾನಕವನ್ನು ಹಳೆಯ ಮದ್ಯದ ಬಾಟಲಿಗಳಲ್ಲಿ ತುಂಬುವುದನ್ನೂ ಬಿಡಿ. ಮಕ್ಕಳು ಒಂದನ್ನು ಇನ್ನೊಂದೆಂದು ತಿಳಿಯಬಾರದು.

ಮಾರಾಟಕ್ಕೆ ತಯಾರಿಸುವವರಿಗೆ

ಸ್ವಸಹಾಯ ಸಂಘಗಳು ಮಾರಾಟಕ್ಕಿಳಿಯುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಮುರಬ್ಬದ ಜಾಡಿಯಲ್ಲಿ ಶುಂಠಿಯ ಪಾಲು ಶೇ. 55ಕ್ಕೂ ಘನಾಂಶ ಶೇ. 65ಕ್ಕೂ ಕಡಿಮೆಯಿರಬಾರದು, ಮಿಕ್ಕ ಪಾಕವನ್ನು ಪ್ರತ್ಯೇಕ ಬಾಟಲಿಯಲ್ಲಿ ಮಾರಲು ಇದೂ ಒಂದು ಕಾರಣ. ಚೀಟಿಯ ಮೇಲೆ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಸೇರಿಸಿದ ಸಂರಕ್ಷಕ ಮತ್ತು ನೋಂದಣಿ ಸಂಖ್ಯೆ ಇರಲಿ. ಮೊದಲ ವರ್ಷ ಹತ್ತು ಕಿಲೋ ಶುಂಠಿಗಿಂತ ಹೆಚ್ಚು ಹಾಕಬೇಡಿ. ಪ್ರತಿ ಬಾರಿಯ ತಯಾರಿಕೆಯಿಂದ ಒಂದೊಂದು ಬಾಟಲಿಯನ್ನು ದಿನಾಂಕ ಬರೆದು ಮನೆಯಲ್ಲೇ ಉಳಿಸಿಕೊಂಡು, ಬೇಸಿಗೆ ಕಳೆಯುವವರೆಗೆ ತಿಂಗಳಿಗೊಮ್ಮೆ ನೊರೆ, ಬಣ್ಣ, ವಾಸನೆಗಳನ್ನು ಪರೀಕ್ಷಿಸಿ ಬರೆದಿಡಿ. ವಿಸ್ತರಣಾ ಕಾರ್ಯಕರ್ತರು ಆ ಟಿಪ್ಪಣಿಯನ್ನು ನೋಡಿಯೇ ಮುಂದಿನ ವರ್ಷದ ಪ್ರಮಾಣದ ಬಗ್ಗೆ ಸಲಹೆ ನೀಡಬೇಕು. ತಯಾರಿಕೆಯ ಪ್ರಾತ್ಯಕ್ಷಿಕೆಗಾಗಿ ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.